ಹೂಡದ ಜಟಕಾದ ಮೇಲೆ ಒಂದು ತಿಂಗಳು

ಮಾಕಳಿಯ ಚಿಕ್ಕಬೈರಪ್ಪನಿಗೆ ಸಿಟ್ಟು ಬಂದರೆ ಮೊದಲು ಕೆಂಪಾಗುತ್ತಿದ್ದುದು ಕಿವಿ. ಜಟಕಾದಲ್ಲಿ ಹಿಂದೆ ಕೂತವರಿಗೆ ಮುಖ ಕಾಣದಿದ್ದರೂ ಕಿವಿ ಕಾಣುತ್ತಿತ್ತು. ಕಾರ್ಖಾನೆಯ ಜನ ಆ ಕಿವಿ ನೋಡಿಕೊಂಡೇ ಮಾತು ಮುಂದುವರಿಸಬೇಕೋ ಬಾಯಿ ಮುಚ್ಚಿಕೊಳ್ಳಬೇಕೋ ತೀರ್ಮಾನಿಸುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಅದೇ ಕಿವಿ ಹಿಂಡಿದರೆಂದು ಸ್ಲೇಟನ್ನು ಜಗಲಿಗೆ ಬಡಿದು ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಅಪ್ಪ ಯಶವಂತಪುರದ ರೈಲ್ವೆ ಸ್ಟೇಷನ್ನಿನಲ್ಲಿ ಜಟಕಾ ಓಡಿಸುತ್ತಿದ್ದ, ಮಗನೂ ಲಗಾಮು ಹಿಡಿದ. ಆಮೇಲೆ ತುಮಕೂರು ರಸ್ತೆಯ ಎರಡು ಕಡೆಯೂ ರಾಗಿ ಹೊಲಗಳಲ್ಲಿ ಶೆಡ್ಡುಗಳು ಎದ್ದವು. ಊರಿಂದ ಒಂದೂವರೆ ಮೈಲಿಯಲ್ಲಿ ದೊಡ್ಡ ಕಾರ್ಖಾನೆಯೊಂದು ಬಂತು, ಅದಕ್ಕೊಂದು ಸೈರನ್ ಬಂತು. ಚಿಕ್ಕಬೈರಪ್ಪ ಸ್ಟೇಷನ್ ಬಿಟ್ಟು ಕಾರ್ಖಾನೆಯ ಗೇಟು ಹಿಡಿದ.

ಬೆಳಿಗ್ಗೆ ಐದೂವರೆಗೆ ಮೊದಲನೇ ಸೈರನ್. ಅದು ಕೂಗಿತೆಂದರೆ ಅವನ ಕೆಂಪು ಹೆಣ್ಣು ಕುದುರೆ ಕೆಂಚಿ ತಾನಾಗಿಯೇ ಗೂಟದ ಹಗ್ಗ ಜಗ್ಗಿ ಗಾಡಿಯ ಕಡೆ ತಿರುಗುತ್ತಿದ್ದಳು. ಆರಕ್ಕೆ ಎರಡನೇ ಸೈರನ್. ಅಷ್ಟು ಹೊತ್ತಿಗೆ ಜಟಕಾ ಗೇಟಿನ ಎದುರು ನಿಂತಿರಬೇಕು. ರಾತ್ರಿ ಪಾಳಿ ಮುಗಿಸಿದವರು ಕಣ್ಣುಜ್ಜಿಕೊಂಡು ಬಂದು ಹತ್ತಬೇಕು. ಅವರನ್ನು ದಾಸರಹಳ್ಳಿಯ ಬಸ್ ಸ್ಟಾಪಿಗೆ ಮುಟ್ಟಿಸಬೇಕು. ಅವರೆಲ್ಲ ಹತ್ತಿ, ಜಾಗಕ್ಕೆ ಕಿತ್ತಾಡಿ, ಕಾಲು ಇಳಿಬಿಟ್ಟು ಕೂರುವ ತನಕ ಕೆಂಚಿ ಅಲ್ಲಿ ಗೂಟ ಹೊಡೆದ ಹಾಗೆ ನಿಲ್ಲುತ್ತಿದ್ದಳು. ಪಕ್ಕದಲ್ಲೇ ಲಾರಿ ಹಾರನ್ ಹೊಡೆದರೂ ಗೊರಸು ಎತ್ತುತ್ತಿರಲಿಲ್ಲ.

ಎಪ್ಪತ್ತೊಂಬತ್ತನೇ ಇಸವಿ, ಇನ್ನೂ ಬಿಸಿಲು ಏರುತ್ತಿದ್ದ ಕಾಲ. ಒಂದು ಸಣ್ಣ ವರ್ಕ್‌ಶಾಪಿನವರು ಮಣ್ಣುರಸ್ತೆಯ ಗುಂಡಿ ತುಂಬಲು ಲೇತ್ ಮಿಷನ್ನಿನ ಕಸ ತಂದು ಸುರಿದಿದ್ದರು. ಕಬ್ಬಿಣ ಹೆರೆದಾಗ ಬರುತ್ತದಲ್ಲ, ಸುರುಳಿ ಸುರುಳಿಯಾಗಿ, ಬ್ಲೇಡಿನಂಥ ಚಕ್ಕೆ, ಅದು. ಮೇಲೆ ಒಂದಿಷ್ಟು ಮಣ್ಣು ಎಳೆದಿದ್ದರು, ಕಾಣದ ಹಾಗೆ. ಕೆಂಚಿಯ ಹಿಂದಿನ ಎಡಗಾಲು ಅದರೊಳಕ್ಕೆ ಇಳಿಯಿತು. ಗಾಬರಿಯಾಗಿ ಕಾಲು ಕಿತ್ತಳು. ಕಿತ್ತಷ್ಟೂ ಸುರುಳಿ ಬಿಗಿಯಿತು. ಚಿಕ್ಕಬೈರಪ್ಪ ಬರಿಗೈಯಲ್ಲೇ ಅದನ್ನು ಬಿಡಿಸಿದ, ಅವನ ಅಂಗೈಯೂ ಹರಿಯಿತು. ಗೊರಸಿಗಿಂತ ಒಂದು ಗೇಣು ಮೇಲೆ ಚರ್ಮ ಬಾಯಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಅವನು ವರ್ಕ್‌ಶಾಪಿಗೆ ನುಗ್ಗಿ ಆಡಿದ ಮಾತುಗಳನ್ನು ಕಾಗದದ ಮೇಲೆ ಬರೆಯುವ ಹಾಗಿಲ್ಲ. ಒಳಗಿದ್ದ ಸೂಪರ್‌ವೈಸರ್ ರಸ್ತೆ ನಿಮ್ಮಪ್ಪಂದಾ ಅಂತ ಕೇಳಿದನಂತೆ. ಹೊಲ ನಮ್ಮಪ್ಪಂದೇ ಆಗಿತ್ತು ಅಂತ ಇವನು ಹೇಳಿದನಂತೆ. ಅದರಿಂದ ಕಾಲೇನೂ ಕೂಡಲಿಲ್ಲ.

ಮನೆಗೆ ತಂದು ಕಟ್ಟಿದ ಕೂಡಲೇ ಹೆಂಡತಿ ಭದ್ರಮ್ಮ ಅರಿಶಿನ, ಬಿಸಿನೀರು ತಂದಳು. ಚಿಕ್ಕಬೈರಪ್ಪ ತಟ್ಟೆಯನ್ನು ಪಕ್ಕಕ್ಕೆ ತಳ್ಳಿ, ಗಾಡಿಯ ಕೆಳಗೆ ನೇತುಹಾಕಿದ್ದ ಎಣ್ಣೆಡಬ್ಬ ಬಿಚ್ಚಿಕೊಂಡ. ಅವನ ಲೆಕ್ಕ ಇಷ್ಟೇ. ಅಪ್ಪನ ಕಾಲದಲ್ಲಿ ಗಾಲಿಗೆ ಹಾಕುವ ಕೀಲೆಣ್ಣೆಯನ್ನೇ ಎತ್ತಿನ ಹೆಗಲಿಗೂ ಕುದುರೆಯ ಕಾಲಿಗೂ ಹಚ್ಚುತ್ತಿದ್ದರು. ನೊಣ ಕೂರುತ್ತಿರಲಿಲ್ಲ, ಗಾಯ ಒಣಗುತ್ತಿತ್ತು. ಆ ಕೀಲೆಣ್ಣೆಯನ್ನು ಮನೆಯಲ್ಲೇ ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಮಾಡುತ್ತಿದ್ದರು. ಕಾರ್ಖಾನೆಗಳು ಬಂದಮೇಲೆ ಯಾರು ಅಷ್ಟು ಕಷ್ಟಪಡುತ್ತಾರೆ? ಮಿಷನ್ನಿನಿಂದ ಇಳಿಸಿದ ಸುಟ್ಟ ಆಯಿಲ್ ಡಬ್ಬಗಟ್ಟಲೆ ಸಿಗುತ್ತಿತ್ತು, ಊರಿನ ಗಾಡಿಗಳೆಲ್ಲ ಅದನ್ನೇ ಕುಡಿದು ಓಡುತ್ತಿದ್ದವು. ಬಣ್ಣ ಅದೇ ಕಪ್ಪು, ಹೆಸರೂ ಅದೇ ಕೀಲೆಣ್ಣೆ. ಕಬ್ಬಿಣಕ್ಕೇ ತುಕ್ಕು ಹಿಡಿಯಲು ಬಿಡದ್ದು ಮಾಂಸವನ್ನು ಕೊಳೆಯಲು ಬಿಡುತ್ತದೆಯೇ ಅಂತ ಹೆಂಡತಿಗೂ ಹೇಳಿ, ಗಾಯದ ತುಂಬ ಸವರಿ, ಗೋಣಿಚೂರು ಸುತ್ತಿ ಬಿಗಿದ.

ಐದನೇ ದಿನಕ್ಕೆ ಕಾಲು ಬಾಳೆದಿಂಡಿನಷ್ಟು ದಪ್ಪಗಾಯಿತು. ಗೋಣಿ ಬಿಚ್ಚಿದರೆ ಮುಖ ತಿರುಗಿಸುವಂಥ ವಾಸನೆ. ಕೆಂಚಿ ಹುರುಳಿಗೂ ಬಾಯಿ ಹಾಕಲಿಲ್ಲ, ತಲೆ ಇಳಿಬಿಟ್ಟು ಮೂರೇ ಕಾಲಲ್ಲಿ ನಿಂತಿದ್ದಳು.

ಭದ್ರಮ್ಮನ ತಮ್ಮ ಶ್ಯಾಮಣ್ಣ ಬಂದು ನೋಡಿದ. ಅವನು ತನ್ನ ಪಾಲಿನ ಹೊಲದಲ್ಲಿ ಕಾರ್ಖಾನೆಯವರಿಗೆ ಬಾಡಿಗೆ ಕೊಡಲು ಸಾಲಾಗಿ ಶೀಟಿನ ಮನೆ ಕಟ್ಟಿಸುತ್ತಿದ್ದವನು. ಕೆಟ್ಟವನಲ್ಲ, ಆದರೆ ಯಾವುದಕ್ಕೂ ಹೆಚ್ಚು ಹೊತ್ತು ಕೊಡುವವನಲ್ಲ. "ಬುಟ್ಬುಡು ಭಾವ," ಅಂದ. "ಕುಂಟು ಕುದ್ರೇನ ಯಾರು ಸಾಕ್ತಾರೆ. ರೋಡ್ಗೆ ಒಡುದ್ಬುಟ್ರೆ ಎಲ್ಲಾರ ಮೇಯ್ಕಂಡಿರ್ತದೆ. ನಿಂಗೆ ಶೆಡ್ನಾಗೆ ವಾಚ್‌ಮನ್ ಕೆಲ್ಸಕ್ಕೆ ನಾನ್ ಏಳ್ತೀನಿ."

ಚಿಕ್ಕಬೈರಪ್ಪನ ಕಿವಿ ಕೆಂಪಾಗಲಿಲ್ಲ, ಬೆಳ್ಳಗಾಯಿತು. ರೋಡಿಗೆ ಬಿಟ್ಟ ಕುದುರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಅವನ ಅಪ್ಪ ಒಂದನ್ನು ಯಶವಂತಪುರದ ಮಂಡಿಯ ಹಿಂದೆ ಬಿಟ್ಟು ಬಂದಿದ್ದ. ಮೂರನೇ ದಿನ ಅದು ಕುಂಟಿಕೊಂಡು ಮನೆಯ ಬಾಗಿಲಿಗೇ ಬಂದು ನಿಂತಿತು. ಅಪ್ಪ ಅದಕ್ಕೆ ಹೊಟ್ಟೆ ತುಂಬ ನೀರು ಕುಡಿಸಿ, ಇನ್ನೂ ದೂರಕ್ಕೆ ಕರೆದುಕೊಂಡು ಹೋಗಿ ಬಿಟ್ಟು ಬಂದ. ಆ ಎರಡನೇ ಸಲ ಬಿಟ್ಟು ಬಂದಿದ್ದನ್ನು ಚಿಕ್ಕಬೈರಪ್ಪ ಅಪ್ಪ ಸಾಯುವ ತನಕ ಮರೆತಿರಲಿಲ್ಲ. ಸತ್ತಮೇಲೂ ಮರೆತಿರಲಿಲ್ಲ. ಕೆಂಚಿಯ ಕಾಲು ಮತ್ತೆ ನೆಲಕ್ಕೆ ಊರದಿದ್ದರೆ ತಾನೂ ಒಂದು ದಿನ ಹಗ್ಗ ಹಿಡಿದು ಹೊರಡುತ್ತೇನೇನೋ ಅನ್ನುವ ಹೆದರಿಕೆ ಅವನಿಗೆ ಆ ಕ್ಷಣ ಹುಟ್ಟಿತು. ಅವನು ಒಳಗೆ ಹೋದ.

ಮಾರನೇ ದಿನ ಎದುರುಮನೆ ವೆಂಕಟಮ್ಮನ ಹಸು ನೋಡಲು ದನದ ಡಾಕ್ಟರು ಜಯಸಿಂಹ ಬಂದಿದ್ದರು. ಭದ್ರಮ್ಮ ಗಂಡನನ್ನು ಕೇಳದೆ ಹೋಗಿ, ಸೈಕಲ್ ಹತ್ತುತ್ತಿದ್ದವರನ್ನು ತಡೆದು ಕರೆತಂದಳು. ಡಾಕ್ಟರು ಕೂತು, ಗಾಯದ ಮೇಲಿನ ಕಪ್ಪನ್ನು ಬೆರಳಲ್ಲಿ ತೆಗೆದು ಉಜ್ಜಿ ನೋಡಿದರು.

"ಏನಯ್ಯಾ ಹಚ್ಚಿದೀಯ ಇದಕ್ಕೆ?"

"ಕೀಲೆಣ್ಣೆ. ನಮ್ಮಪ್ಪನ ಕಾಲ್ದಿಂದ ಅಚ್ಕಂಡು ಬಂದಿರದು."

"ನಿಮ್ಮಪ್ಪ ಹಚ್ಚಿದ್ದು ಹರಳೆಣ್ಣೆ ಕಣಯ್ಯಾ. ನೀನು ಹಚ್ಚಿರೋದು ಮಿಷನ್ನು ಕುಡಿದು ಉಗಿದಿದ್ದು." ಡಾಕ್ಟರು ಬೆರಳನ್ನು ಬಿಸಿಲಿಗೆ ಹಿಡಿದರು. ಕಪ್ಪಿನೊಳಗೆ ಕಬ್ಬಿಣದ ಪುಡಿ ಸಣ್ಣಗೆ ಮಿನುಗುತ್ತಿತ್ತು.

ಬೇರೆ ದಿನವಾಗಿದ್ದರೆ ಚಿಕ್ಕಬೈರಪ್ಪ ಜಗಳಕ್ಕೆ ನಿಲ್ಲುತ್ತಿದ್ದ. ಅವತ್ತು ಆ ಬೆರಳನ್ನೇ ನೋಡುತ್ತಾ ನಿಂತ. ಡಾಕ್ಟರು ಧನುರ್ವಾಯು ಬರದ ಹಾಗೆ ಇಂಜೆಕ್ಷನ್ ಕೊಟ್ಟರು, ಗಾಯ ಬಗೆದು ತೊಳೆದರು, ಒಳಗೆ ಉಳಿದಿದ್ದ ಉಗುರಿನಷ್ಟು ಉದ್ದದ ಚಕ್ಕೆಯೊಂದನ್ನು ಚಿಮಟದಲ್ಲಿ ಎಳೆದು ಅವನ ಅಂಗೈ ಮೇಲೆ ಇಟ್ಟರು. ಆಮೇಲೆ ಮನೆಯಲ್ಲಿ ಮಾಡಬೇಕಾದ್ದು ಹೇಳಿದರು. ಉಪ್ಪು ಹಾಕಿ ಕುದಿಸಿ ಆರಿಸಿದ ನೀರಲ್ಲಿ ಎರಡು ಹೊತ್ತು ತೊಳೆಯಬೇಕು. ಊತದ ಮೇಲೆ ತಣ್ಣೀರು ಸಣ್ಣಗೆ ಬಿಡಬೇಕು, ಒಲೆಯ ಮೇಲೆ ಅನ್ನ ಆಗುವಷ್ಟು ಹೊತ್ತು. ಒಗೆದು ಬಿಸಿಲಲ್ಲಿ ಒಣಗಿಸಿದ ನೂಲುಬಟ್ಟೆ ಕಟ್ಟಬೇಕು. ಎಣ್ಣೆ ಇಲ್ಲ, ಬೂದಿ ಇಲ್ಲ, ಬರೆ ಹಾಕುವ ಮಾತೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಆ ಜಾಗದಲ್ಲಿ ಚರ್ಮ ಬಿಗಿ, ಮಾಂಸ ಕಡಿಮೆ. ಕುದುರೆ ಎಳೆದಾಡಿದರೆ ಗಾಯದ ಬಾಯಿ ಕೂಡುವುದೇ ಇಲ್ಲ. ಅಲ್ಲಾಡದೆ ನಿಂತಿರಬೇಕು.

ಶುರುವಾಯಿತು ವೈದ್ಯ. ಮೊದಲ ದಿನವೇ ಒಂದು ಗೊತ್ತಾಯಿತು: ಚಿಕ್ಕಬೈರಪ್ಪ ಕಾಲಿಗೆ ಕೈ ಹಾಕಿದರೆ ಕೆಂಚಿ ಮೈಯೆಲ್ಲ ಬಿಗಿ ಮಾಡುತ್ತಿದ್ದಳು. ಅವನಿಗೆ ಕಾಲು ನೋಡಿದಾಗಲೆಲ್ಲ ವರ್ಕ್‌ಶಾಪು ನೆನಪಾಗಿ ಉಸಿರು ಬುಸುಗುಡುತ್ತಿತ್ತು. ಕುದುರೆಗೆ ಅದೇನು ಗೊತ್ತು, ಸಿಟ್ಟು ತನ್ನ ಮೇಲೇ ಅಂದುಕೊಳ್ಳುತ್ತಿತ್ತು. ಭದ್ರಮ್ಮ ಚೊಂಬು ಕಿತ್ತುಕೊಂಡು ಅವನನ್ನು ತಲೆಯ ಕಡೆಗೆ ಕಳಿಸಿದಳು. ಅವಳು ತನ್ನ ಹಳೇ ಸೀರೆಯೊಂದನ್ನು ಪಟ್ಟಿ ಪಟ್ಟಿಯಾಗಿ ಹರಿದಿದ್ದಳು. ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುವಾಗ ಆಡುವ ಹಾಗೇ ಕೆಂಚಿಯ ಜೊತೆ ಮನೆವಾರ್ತೆ ಆಡುತ್ತಾ ನೀರು ಬಿಡುತ್ತಿದ್ದಳು. ಇವನು ಮುಂದೆ ನಿಂತು ಕುದುರೆಯ ಹಣೆ ತುರಿಸಬೇಕು, ಅಷ್ಟೇ ಅವನ ಕೆಲಸ.

ಹತ್ತು ದಿನಕ್ಕೆ ಊತ ಇಳಿಯಿತು, ವಾಸನೆ ಹೋಯಿತು. ಸಂಜೆ ಪಟ್ಟಿ ಬಿಚ್ಚಿದರೆ ಗಾಯದ ಅಂಚು ತಿಳಿಗೆಂಪಾಗಿ, ಇನ್ನೇನು ಕೂಡಿತು ಅನ್ನುವ ಹಾಗೆ ಕಾಣುತ್ತಿತ್ತು. ಆದರೆ ಬೆಳಿಗ್ಗೆ ಬಿಚ್ಚಿದರೆ ಮತ್ತೆ ಹಸಿ, ಮತ್ತೆ ರಕ್ತ. ದಿನಾ ಹೀಗೇ. ಸಂಜೆ ಕೂಡಿದ್ದು ಬೆಳಿಗ್ಗೆ ಬಿಡುತ್ತಿತ್ತು. ಇಲಿ ಕಡಿಯುತ್ತಿದೆಯೋ ಅಂತ ನೋಡಿದರು. ಕೆಂಚಿಯೇ ಹಲ್ಲು ಹಾಕುತ್ತಿದ್ದಾಳೋ ಅಂತ ಕೊರಳಿಗೆ ಬಿದಿರಿನ ತಡಿಕೆ ಕಟ್ಟಿದರು. ಯಾವುದೂ ಅಲ್ಲ. ಡಾಕ್ಟರು ಬಂದವರು ಹೀಗೇ ಆದರೆ ಇನ್ನು ಹದಿನೈದು ದಿನದಲ್ಲಿ ಗಾಯದ ಬಾಯಿ ಗಟ್ಟಿಯಾಗಿಬಿಡುತ್ತೆ, ಆಮೇಲೆ ನನ್ನ ಕೈಯಲ್ಲೂ ಆಗಲ್ಲ ಅಂದರು.

ಕಂಡುಹಿಡಿದವಳು ಭದ್ರಮ್ಮ. ಒಂದು ಬೆಳಿಗ್ಗೆ ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದಾಗ ಐದೂವರೆಯ ಸೈರನ್ ಕೂಗಿತು. ತೂಕಡಿಸುತ್ತಿದ್ದ ಕೆಂಚಿ ಕಿವಿ ನಿಮಿರಿಸಿದಳು, ಹಗ್ಗ ಜಗ್ಗಿದಳು, ಗಾಡಿಯ ಕಡೆ ತಿರುಗಲು ನೋಡಿದಳು, ಯಾರೂ ಬರದಿದ್ದಾಗ ನೋಯುವ ಕಾಲನ್ನೇ ನೆಲಕ್ಕೆ ಕೆರೆಯಲು ಹಿಡಿದಳು. ಆರರ ಸೈರನ್ ಆಗುವ ತನಕ ಅದೇ ಕುಣಿತ. ಕೆಲಸಕ್ಕೆ ತಡವಾಗುತ್ತಿದೆ ಅನ್ನುವ ಗಾಬರಿ ಅವಳಿಗೆ. ಆ ಹೊತ್ತಿನಲ್ಲಿ ಚಿಕ್ಕಬೈರಪ್ಪ ಎಲ್ಲಿರುತ್ತಿದ್ದ? ಕೆಲಸವಿಲ್ಲದೆ ಆ ಸದ್ದು ಕೇಳಿದರೆ ಹೊಟ್ಟೆ ಉರಿಯುತ್ತದೆಂದು ಒಳಗೆ ಕಂಬಳಿಯನ್ನು ಕಿವಿಯ ಮೇಲೆ ಎಳೆದುಕೊಂಡು ಮಲಗಿರುತ್ತಿದ್ದ. ಅದಕ್ಕೇ ಅವನು ಇದನ್ನು ಒಂದು ದಿನವೂ ನೋಡಿರಲಿಲ್ಲ.

ಸೈರನ್ ನಿಲ್ಲಿಸಿ ಅಂತ ಕಾರ್ಖಾನೆಗೆ ಹೋಗಿ ಕೇಳುತ್ತೇನೆ ಅಂತ ಅವನು ಟವೆಲು ಹೆಗಲಿಗೆ ಹಾಕಿದ. ಭದ್ರಮ್ಮ ಕೂರಿಸಿದಳು. ಮರುದಿನ ಕೆಂಚಿಯ ಕಿವಿಗೆ ಹತ್ತಿ ತುರುಕಿದ. ಅವಳು ಎರಡು ಸಲ ತಲೆ ಕೊಡವಿ ಬೀಳಿಸಿದಳು. ಅದರ ಮರುದಿನ ಮುಂಗಾಲುಗಳನ್ನು ಕಟ್ಟಿದ. ಹಿಂಗಾಲಿನ ಮೇಲೇ ಭಾರ ಬಿದ್ದು ಪಟ್ಟಿ ಪೂರ್ತಿ ನೆನೆಯಿತು. ಅವನು ಹಗ್ಗ ಬಿಸಾಕಿ, ಮೋಟು ಗೋಡೆಯ ಮೇಲೆ ತಲೆ ಹಿಡಿದು ಕೂತ.

ಭದ್ರಮ್ಮ ಪಟ್ಟಿ ಬಿಚ್ಚುತ್ತಾ ಮೆಲ್ಲಗೆ ಕೇಳಿದಳು. "ಗೇಟ್ ತಾವ ನಿಂತಾಗ ಕುಣೀತಾಳಾ?"

"ಅಲ್ಲಿ ಯಾಕ್ ಕುಣೀತಾಳೆ. ಅಲ್ಲಿ ನಿಲ್ಲೋದೇ ಅವಳ ಕೆಲ್ಸ."

"ಅಂಗಾರೆ ಗೇಟ್ನೇ ಇಲ್ಲಿಗೆ ತನ್ನಿ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಎದ್ದು, ಜಟಕಾವನ್ನು ಅಂಗಳಕ್ಕೆ ತಳ್ಳಿ ತಂದ.

ಮರುದಿನ ಸೈರನ್ನಿಗೆ ಮೊದಲೇ ಕೆಂಚಿಗೆ ಕಣ್ಣುಪಟ್ಟಿ ಕಟ್ಟಿ, ಲಗಾಮು ಹಾಕಿ, ಗೆಜ್ಜೆಪಟ್ಟಿ ತೊಡಿಸಿದರು. ಗಾಡಿಯ ಎರಡು ಉದ್ದ ಮರಗಳನ್ನು ಅವಳ ಅಕ್ಕಪಕ್ಕಕ್ಕೆ ತಂದು, ಊರುಗೋಲು ಕೊಟ್ಟು ನಿಲ್ಲಿಸಿದರು. ಮೈಗೆ ತಾಗಬೇಕು, ಭಾರ ಬೀಳಬಾರದು. ನೋಡಿದವರಿಗೆ ಹೂಡಿದ ಗಾಡಿ, ನಿಜಕ್ಕೆ ಹೂಡದ ಗಾಡಿ. ಸೈರನ್ ಕೂಗಿತು. ಕೆಂಚಿ ನಿಂತಳು. ಆದರೆ ಸ್ವಲ್ಪ ಹೊತ್ತಿಗೆ ಮತ್ತೆ ಕಿವಿ ಹಿಂದಕ್ಕೆ ಹೋಯಿತು, ಮತ್ತೆ ಕಾಲು ಎದ್ದಿತು. ಏನೋ ಕಡಿಮೆಯಾಗಿದೆ. ಚಿಕ್ಕಬೈರಪ್ಪ ಯೋಚಿಸಿ, ಮುಂಡಾಸು ಸುತ್ತಿಕೊಂಡು ಗಾಡಿ ಹತ್ತಿ ತನ್ನ ಜಾಗದಲ್ಲಿ ಕೂತ. ಅಡಿಯ ಸ್ಪ್ರಿಂಗ್ ಪಟ್ಟಾ ಕಿರ್ರೆಂದಿತು. ಅವನು ದಿನವೂ ಕೆಮ್ಮುವ ಹಾಗೆ ಒಂದು ಸಲ ಕೆಮ್ಮಿದ. ಎದ್ದ ಕಾಲು ಮೆಲ್ಲಗೆ ಕೆಳಗಿಳಿಯಿತು. ಆರರ ಸೈರನ್ ಆಗುವ ತನಕ ಕೆಂಚಿ ಅಲ್ಲಾಡಲಿಲ್ಲ. ಪಟ್ಟಿ ಬಿಚ್ಚಿದಾಗ ಬಟ್ಟೆ ಒಣಗಿಯೇ ಇತ್ತು.

ಹೀಗೆ ದಿನಾ ಬೆಳಿಗ್ಗೆ ಅರ್ಧ ಗಂಟೆಯ ಮೇಲೆ, ಎಲ್ಲಿಗೂ ಹೋಗದ ಜಟಕಾದಲ್ಲಿ ಮುಂಡಾಸು ಕಟ್ಟಿಕೊಂಡು ಕೂರುವ ಕೆಲಸ ಅವನ ಪಾಲಿಗೆ ಬಂತು. ಊರು ಸುಮ್ಮನಿರುತ್ತದೆಯೇ? ಚೊಂಬು ಹಿಡಿದು ಹೊಲದ ಕಡೆ ಹೊರಟವರು, ಹಾಲು ತರುವವರು, ಎಲ್ಲ ಒಂದು ಗಳಿಗೆ ನಿಂತು ನೋಡಿಯೇ ಹೋಗುತ್ತಿದ್ದರು. ಮೂರನೇ ದಿನ ಶ್ಯಾಮಣ್ಣ ಬಂದು ಬೇಲಿಗೆ ಒರಗಿ ನಿಂತ.

"ಭಾವ, ದಾಸರಹಳ್ಳಿಗೆ ಗಾಡಿ ಬರ್ತದಾ, ಇಲ್ಲ ಮಾಕಳಿಯಿಂದ ಮಾಕಳಿಗೇನಾ?"

ಚಿಕ್ಕಬೈರಪ್ಪ ಗುಡುಗಿಬಿಟ್ಟ. ಆ ಸದ್ದಿಗೆ ಕೆಂಚಿ ಬೆಚ್ಚಿ ಒಂದು ಹೆಜ್ಜೆ ಮುಂದಕ್ಕೆ ನೆಗೆದಳು, ಊರುಗೋಲು ಜಾರಿತು. ಭದ್ರಮ್ಮ ಓಡಿ ಬಂದು ನೋಡಿದರೆ ಪಟ್ಟಿಯ ಮೇಲೆ ಅಗಲವಾದ ಕೆಂಪು ಕಲೆ. ಅವಳು ಪಟ್ಟಿ ಬಿಚ್ಚಿದಳು. ಒಲೆಯ ಮೇಲೆ ಉಪ್ಪುನೀರು ಇಡಲು ಒಳಗೆ ಹೋದಳು. ಅವಳು ಬೈದಿದ್ದರೆ ಚಿಕ್ಕಬೈರಪ್ಪನಿಗೆ ಸಮಾಧಾನವಾಗುತ್ತಿತ್ತು. ಮೂರು ದಿನದ ಕೂಡಿಕೆ ಒಂದು ಕೂಗಿಗೆ ಹೋಗಿತ್ತು.

ಅಲ್ಲಿಂದಾಚೆಗೆ ಅವನು ಗಾಡಿಯ ಮೇಲೆ ಬಾಯಿ ಬಿಡಲಿಲ್ಲ. ಯಾರು ಏನಂದರೂ ಮುಂಡಾಸಿನ ತುದಿಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೂರುತ್ತಿದ್ದ. ಕಿವಿ ಕೆಂಡವಾಗುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ನಲವತ್ತೈದು ವರ್ಷದಲ್ಲಿ ಅವನಿಗೆ ಯಾರೂ ಕಲಿಸಲಾಗದ್ದು ಅದು. ಅವನು ಕಲಿತ ಅಂತಲೂ ಹೇಳಲು ಬರುವುದಿಲ್ಲ. ಗಾಡಿ ಇಳಿದು ಬಾವಿಯ ಹತ್ತಿರ ಹೋಗಿ, ಅಲ್ಲಿ ನಿಂತು, ಬೆಳಗಿನಿಂದ ತಡೆದದ್ದನ್ನೆಲ್ಲ ಬಾವಿಯೊಳಕ್ಕೆ ಬೈದು ಬರುತ್ತಿದ್ದನೆಂದು ವೆಂಕಟಮ್ಮ ಊರಿಗೆಲ್ಲ ಹೇಳಿದ್ದಾಳೆ.

ಶ್ಯಾಮಣ್ಣ ಒಂದು ವಾರ ಆ ಕಡೆ ಸುಳಿಯಲಿಲ್ಲ. ಆಮೇಲೆ ಒಂದು ಬೆಳಿಗ್ಗೆ, ಸೈರನ್ನಿಗೆ ಸ್ವಲ್ಪ ಮುಂಚೆ ಬಂದು, ಮಾತಾಡದೆ ಜಟಕಾದ ಹಿಂದೆ ಹತ್ತಿ ಕೂತ. ಅಕ್ಕ ಏನು ಅಂತ ನೋಡಿದಾಗ, ಹಿಂದ್ಗಡೆ ಭಾರ ಬಿದ್ರೆ ಇನ್ನೂ ನಂಬ್ತಾಳಲ್ವಾ ಅಂತ ಪಿಸುಗುಟ್ಟಿದ. ನಿಜಕ್ಕೂ ಕೆಂಚಿ ಅವತ್ತು ಕಣ್ಣೆವೆ ಅರ್ಧ ಮುಚ್ಚಿಕೊಂಡು ನಿಂತಳು. ಭಾವಮೈದುನರಿಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು, ಎಲ್ಲಿಗೂ ಹೋಗದೆ, ಒಂದೇ ಎಲೆಅಡಿಕೆ ಹಂಚಿಕೊಂಡು ಅರ್ಧ ಗಂಟೆ ಕೂತರು. ಮರುದಿನವೂ ಬಂದ.

ನಡುವೆ ಒಂದು ಹೆದರಿಕೆ ಆಯಿತು. ಗಾಯದ ಮಧ್ಯದಿಂದ ಕೆಂಪಗೆ ಮಾಂಸ ಉಬ್ಬಿ ಚರ್ಮಕ್ಕಿಂತ ಮೇಲೆ ಬಂತು. ಮುಟ್ಟಿದರೆ ರಕ್ತ. ಕುದುರೆಯ ಕಾಲಿನ ಗಾಯದಲ್ಲಿ ಹೀಗೆ ದುರ್ಮಾಂಸ ಬೆಳೆಯುವುದುಂಟು, ಬಿಟ್ಟರೆ ಚರ್ಮಕ್ಕೆ ಮುಚ್ಚಲು ದಾರಿಯೇ ಇರುವುದಿಲ್ಲ ಅಂತ ಡಾಕ್ಟರು ಅದನ್ನು ಹೆರೆದು, ಮೈಲುತುತ್ತದ ನೀರು ಮುಟ್ಟಿಸಿ, ಪಟ್ಟಿಯನ್ನು ಎಷ್ಟು ಬಿಗಿಯಬೇಕೆಂದು ಭದ್ರಮ್ಮನ ಬೆರಳು ಹಿಡಿದು ತೋರಿಸಿದರು. ಅವಳು ಎರಡನೇ ಸೀರೆಯನ್ನೂ ಹರಿದಳು. ಇನ್ನೂ ಹದಿನೈದು ದಿನಕ್ಕೆ ಗಾಯದ ಸುತ್ತಲಿನ ಚರ್ಮ ಕೆರೆಯ ನೀರು ಬತ್ತುವಾಗ ದಡ ಒಳಗೊಳಗೆ ಸರಿಯುತ್ತದಲ್ಲ, ಹಾಗೆ ಸರಿದು ಸರಿದು, ಒಂದು ಪಾವಲಿಯಷ್ಟು ಉಳಿದು, ಕೊನೆಗೆ ಅದೂ ಮುಚ್ಚಿತು. ಕೂದಲಿಲ್ಲದ, ನುಣುಪಾದ, ಬೂದುಬಣ್ಣದ ಮಚ್ಚೆ ಉಳಿಯಿತು.

ಡಾಕ್ಟರು ಕೊನೆಯ ಸಲ ಬಂದು ಒತ್ತಿ ನೋಡಿ, ಮೇಲೆ ಕೂಡಿದೆ ಅಂದರು. ಒಳಗೆ ನರ ಹೇಗೆ ಕೂಡಿದೆಯೋ ತಾನು ಹೇಳಲಾರೆ, ಪೂರ್ತಿ ಭಾರ ಬಿದ್ದಾಗಲೇ ಗೊತ್ತಾಗುವುದು ಅಂದರು. ಮೂರು ಕಾಲಲ್ಲಿ ನಿಂತು ನಿಂತು ಕೆಂಚಿ ಆ ಕಾಲಿಗೆ ಭಾರ ಕೊಡುವುದನ್ನೇ ಬಿಟ್ಟಿದ್ದಳು. ಅಂಗಳದಲ್ಲಿ ನಡೆಸಿದರೆ ತುದಿ ತಾಗಿಸಿ ತಾಗಿಸಿ ಎತ್ತುತ್ತಿದ್ದಳು. ಅದು ನೋವೋ, ಅಭ್ಯಾಸವೋ, ಯಾರಿಗೆ ಗೊತ್ತು.

ರಸ್ತೆಗೆ ಇಳಿಸುವ ಮೊದಲು ಲಾಳ ಬದಲಿಸಬೇಕಿತ್ತು. ತಿಂಗಳುಗಟ್ಟಲೆ ನಿಂತು ಗೊರಸು ಬೆಳೆದು ಹಳೇ ಲಾಳಗಳು ಸಡಿಲವಾಗಿದ್ದವು. ಲಾಳ ಕಟ್ಟುವ ಗೌಸ್ ಸಾಬರು ಪೀಣ್ಯದ ಕಡೆಯಿಂದ ತಮ್ಮ ತಗಡಿನ ಪೆಟ್ಟಿಗೆ ಹೊತ್ತು ಬಂದರು. ಬಂದವರು ಕಾಲಿನ ಕಥೆ ಕೇಳುವ ಗೋಜಿಗೆ ಹೋಗದೆ, ಚರ್ಮದ ಚೂರನ್ನು ತೊಡೆಗೆ ಕಟ್ಟಿಕೊಂಡು ನೇರವಾಗಿ ಹಿಂದಿನ ಬಲಗಾಲಿನ ಹತ್ತಿರ ಹೋಗಿ ಬಗ್ಗಿದರು.

ಬಲಗಾಲು ಎತ್ತಿದರೆ ಹಿಂದಿನ ಭಾರವೆಲ್ಲ ಎಡಗಾಲಿನ ಮೇಲೆ. ಮುಂದಿನ ಕಾಲಿಂದ ಶುರು ಮಾಡಿ ಅನ್ನಬೇಕೆಂದು ಚಿಕ್ಕಬೈರಪ್ಪ ಬಾಯಿ ತೆರೆದ. ಭದ್ರಮ್ಮ ಅವನ ತೋಳು ಹಿಡಿದಳು. ಇವತ್ತಲ್ಲ ನಾಳೆ ಆ ಕಾಲು ಎತ್ತಲೇಬೇಕು. ಅವನು ಕೆಂಚಿಯ ಹಣೆಗೆ ತನ್ನ ಹಣೆ ಕೊಟ್ಟು ನಿಂತುಕೊಂಡ.

ಸಾಬರು ಬಲಗಾಲು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಕೆಂಚಿಯ ಸೊಂಟ ಒಂದು ಸಲ ಎಡಕ್ಕೆ ವಾಲಿತು. ಮೈ ನಡುಗಿತು. ಎಡಗಾಲಿನ ತುದಿ ಮಣ್ಣಲ್ಲಿ ಅತ್ತಿತ್ತ ತಡಕಾಡಿತು. ಆಮೇಲೆ ಇಡೀ ಗೊರಸು ಊರಿತು. ಸಾಬರು ಹಳೇ ಲಾಳ ಕಿತ್ತರು, ಗೊರಸು ಹೆರೆದರು, ಹೊಸದನ್ನು ಇಟ್ಟು ನೋಡಿ ತೆಗೆದು ಬಡಿದು ಮತ್ತೆ ಇಟ್ಟರು. ಅಷ್ಟು ನಿಧಾನದ ಮನುಷ್ಯನನ್ನು ಚಿಕ್ಕಬೈರಪ್ಪ ಜನ್ಮದಲ್ಲಿ ಕಂಡಿರಲಿಲ್ಲ. ಒಂದೊಂದು ಮೊಳೆಗೂ ಮೂರು ಏಟು. ಪ್ರತಿ ಏಟಿಗೂ ಕುದುರೆಯ ಮೈ ಅದುರಿ, ಆ ಅದುರು ಎಡಗಾಲಿಗೆ ಇಳಿದು, ನೆಲಕ್ಕೆ ಹೋಗುತ್ತಿತ್ತು.

"ಯಾಕ್ ಬೈರಪ್ಪಣ್ಣ, ಗಂಟ್ಲು ಕಟ್ಕೊಂಡೈತಾ?" ಸಾಬರು ಬಗ್ಗಿದಲ್ಲಿಂದಲೇ ಕೇಳಿದರು. "ಇಷ್ಟೊತ್ತಿಗೆ ಮೂರು ದಫಾ ಬೈದಿರ್ಬೇಕಿತ್ತು ನನಗೆ."

ಆರನೇ ಮೊಳೆಯ ತುದಿ ಮಡಿಸಿ, ಉಜ್ಜಿ, ಸಾಬರು ಕಾಲನ್ನು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡರು. ಭದ್ರಮ್ಮ ಕೂತು ಎಡಗಾಲಿನ ಮಚ್ಚೆಯ ಮೇಲೆ ಅಂಗೈ ಇಟ್ಟಳು. ಬಿಸಿ ಇಲ್ಲ, ಹಸಿ ಇಲ್ಲ. ಕೆಂಚಿ ಉದ್ದಕ್ಕೆ ಉಸಿರು ಬಿಟ್ಟಳು. ಹೊಸ ಲಾಳದ ಬಲಗಾಲನ್ನು ತಾನಾಗಿಯೇ ಮಡಿಸಿ, ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ, ಆಯಾಸವಾದ ಕುದುರೆ ನಿಲ್ಲುವ ಹಾಗೆ ನಿಂತಳು. ಭಾರವೆಲ್ಲ ಎಡಗಾಲಿನ ಮೇಲೆ. ಕಣ್ಣು ಮುಚ್ಚಿ ತೂಕಡಿಸತೊಡಗಿದಳು.

ಸಾಬರು ಎರಡನೇ ಲಾಳ ತೆಗೆದುಕೊಂಡು, ಈಗ ಎಡಗಾಲು ಎತ್ತುವ ಅಂತ ಈ ಕಡೆ ಬಂದರು. ಚಿಕ್ಕಬೈರಪ್ಪ ಕೈ ಅಡ್ಡ ಹಿಡಿದ.

"ಒಸಿ ತಡೀರಿ ಸಾಬ್ರೇ. ಒಂದ್ಗಳಿಗೆ ಅಂಗೇ ನಿಂತ್ಕಳ್ಲಿ."